ಅಲಾಸ್ಕಾ ಮಾರಿದ ಕಥೆ ಎಲ್ಲರಿಗೂ ಗೊತ್ತು, ಕೊಂಡ ಕಥೆ?

ಹಳೆಯ ಭೂಪಟ:

ನಾನಿರುವ ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ವರ್ಷಕ್ಕೆರಡು ಸಲವಾದರೂ ಅದೇ ಸಂದೇಶ ಬರುತ್ತದೆ: ಜಗತ್ತಿನ ಅತಿ ದಡ್ಡ ವ್ಯಾಪಾರ ಎಂದರೆ ರಷ್ಯಾ ಅಲಾಸ್ಕಾವನ್ನು ಎಕರೆಗೆ ಎರಡು ಸೆಂಟಿಗೆ ಮಾರಿದ್ದು. ಲೆಕ್ಕ ಹೆಚ್ಚುಕಡಿಮೆ ಸರಿಯೇ. 1867ರ ಮಾರ್ಚ್ 30ರಂದು ಸಹಿ, 72 ಲಕ್ಷ ಡಾಲರ್. ಆದರೆ ಅಷ್ಟು ನೆಲ ಮಾರಬೇಕಾದರೆ ಮೊದಲು ಯಾರಿಂದಲಾದರೂ ಕೊಂಡಿರಬೇಕಲ್ಲ? ಆ ಕ್ರಯಪತ್ರ ಹುಡುಕುತ್ತ ನಾಲ್ಕೈದು ತಿಂಗಳು ಓದಿದೆ. ಕ್ರಯಪತ್ರ ಸಿಗಲಿಲ್ಲ, ತೊಗಲಿನ ಲೆಕ್ಕ ಸಿಕ್ಕಿತು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತೇನೆ. ಗೊತ್ತಿದ್ದವರು ಸೇರಿಸಿ, ತಪ್ಪಿದ್ದರೆ ತಿದ್ದಿ.

ಶುರುವಾಗುವುದು ಯೂರಲ್ ಬೆಟ್ಟಗಳ ಹತ್ತಿರ. ಸ್ಟ್ರೊಗಾನೊವ್ ಎಂಬ ಉಪ್ಪಿನ ವ್ಯಾಪಾರಿ ಮನೆತನದ ಬೆಂಬಲದಿಂದ, ಗಡಿನಾಡಿನ ಯೋಧರಾದ ಕೊಸಾಕರ ನಾಯಕ ಯೆರ್ಮಾಕ್ 1580ರ ದಶಕದ ಆರಂಭದಲ್ಲಿ ಬೆಟ್ಟ ದಾಟಿ ಸೈಬೀರಿಯಾದ ಖಾನ್ ಕುಚುಮ್‌ನ ರಾಜಧಾನಿ ಹಿಡಿದ. 1639ಕ್ಕೆ ಇವಾನ್ ಮೊಸ್ಕ್ವಿಟಿನ್‌ನ ತಂಡ ಅತ್ತ ಪೆಸಿಫಿಕ್ ದಂಡೆಯಲ್ಲಿ ನಿಂತಿತ್ತು. ನಡುವೆ ಅರವತ್ತು ವರ್ಷವೂ ಕಳೆದಿರಲಿಲ್ಲ. ಅವರನ್ನು ಅಷ್ಟು ಅವಸರದಲ್ಲಿ ಎಳೆದುಕೊಂಡು ಹೋದದ್ದು ಸೇಬಲ್ ಎಂಬ ಕಿರುಪ್ರಾಣಿಯ ತುಪ್ಪಳ. ಒಂದು ನದಿಕಣಿವೆಯಲ್ಲಿ ಸೇಬಲ್ ಮುಗಿದರೆ ಮುಂದಿನ ಕಣಿವೆ. ಅಲ್ಲೊಂದು ಮರದ ಕೋಟೆ, ಸುತ್ತಲಿನ ಬುಡಕಟ್ಟುಗಳ ಮೇಲೆ ತಲೆಗಿಷ್ಟು ತೊಗಲು ಎಂದು ವರ್ಷವರ್ಷದ ಕಪ್ಪ. ಅದನ್ನು ಅವರು ‘ಯಸಾಕ್’ ಎನ್ನುತ್ತಿದ್ದರು. ಕಪ್ಪ ತಪ್ಪದಿರಲೆಂದು ಹಿರಿಯರ ಮಕ್ಕಳನ್ನೋ ತಮ್ಮಂದಿರನ್ನೋ ಹಿಡಿದು ತಂದು ಕೋಟೆಯಲ್ಲಿ ಕೂಡಿಹಾಕುತ್ತಿದ್ದರು.

ಆ ಒತ್ತೆಯಾಳಿಗೆ ರಷ್ಯನ್ನರಲ್ಲಿದ್ದ ಹೆಸರು ಓದಿದಾಗ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ‘ಅಮಾನತ್’. ಅರಬ್ಬಿ ಪದ. ತುರ್ಕಿ ಭಾಷೆಗಳ ಮೂಲಕ ಅವರಿಗೆ ಹೋದದ್ದು, ಪಾರಸಿ ಆಡಳಿತದ ಮೂಲಕ ನಮಗೂ ಬಂದಿದೆ. ನಮ್ಮ ಕಚೇರಿಗಳಲ್ಲಿ ಅಮಾನತು ಎಂದರೆ ಇಟ್ಟ ಠೇವಣಿ, ಇಲ್ಲವೇ ಕೆಲಸದಿಂದ ತಡೆಹಿಡಿಯುವುದು. ಅಲ್ಲಿ ಠೇವಣಿ ಇಟ್ಟುಕೊಂಡದ್ದು ಮಕ್ಕಳನ್ನು.

1741ರಲ್ಲಿ ರಷ್ಯನ್ ನೌಕಾಪಡೆಯಲ್ಲಿದ್ದ ಡೆನ್ಮಾರ್ಕಿನ ವಿಟಸ್ ಬೇರಿಂಗ್, ಇನ್ನೊಂದು ಹಡಗಿನಲ್ಲಿ ಅಲೆಕ್ಸೇ ಚಿರಿಕೋವ್, ರಷ್ಯಾದ ಪೂರ್ವ ತುದಿಯ ಕಾಮ್ಚಾಟ್ಕಾದಿಂದ ಹೊರಟು ಅಲಾಸ್ಕಾದ ದಂಡೆ ಕಂಡರು. ಬೇರಿಂಗ್ ಮರಳಲಿಲ್ಲ. ಈಗ ಅವನ ಹೆಸರಿನಲ್ಲೇ ಇರುವ ಬೋಳು ದ್ವೀಪದಲ್ಲಿ ಆ ಡಿಸೆಂಬರಿನಲ್ಲಿ ತೀರಿಕೊಂಡ. ಉಳಿದವರು ನೀರುನಾಯಿ, ಸೀಲ್, ಕಡಲಹಸು ಎಂಬ ಭಾರಿ ಗಾತ್ರದ ಕಡಲಪ್ರಾಣಿ ತಿಂದು ಚಳಿಗಾಲ ದಾಟಿ, ಒಡೆದ ಹಡಗಿನ ಹಲಗೆಗಳಿಂದಲೇ ಚಿಕ್ಕ ಹಡಗು ಕಟ್ಟಿಕೊಂಡು 1742ರಲ್ಲಿ ಊರು ಮುಟ್ಟಿದರು. ಜೊತೆಗೆ ನೂರಾರು ಕಡಲ ನೀರುನಾಯಿಗಳ ತೊಗಲು. ಆ ತುಪ್ಪಳ ಎಷ್ಟು ದಟ್ಟವೆಂದರೆ ಒಂದು ಚದರ ಸೆಂಟಿಮೀಟರಿನಲ್ಲಿ ಲಕ್ಷಕ್ಕೂ ಹೆಚ್ಚು ಕೂದಲು. ಚೀನಾ ಗಡಿಯ ಕ್ಯಾಖ್ತಾ ಪೇಟೆಯಲ್ಲಿ ಚಹಾಕ್ಕೆ ಬದಲಾಗಿ ತುಪ್ಪಳ ಕೊಳ್ಳುವ ವ್ಯಾಪಾರಿಗಳು ಅದಕ್ಕೆ ಏನು ಬೇಕಾದರೂ ಕೊಡುತ್ತಿದ್ದರು. ಮರುವರ್ಷದಿಂದಲೇ ಖಾಸಗಿ ಬೇಟೆಗಾರರ ದೋಣಿಗಳು ಹೊರಟವು. ಬೇರಿಂಗ್ ಜೊತೆಗಿದ್ದ ಪ್ರಕೃತಿ ವಿಜ್ಞಾನಿ ಸ್ಟೆಲ್ಲರ್ ಕಂಡು ವಿವರಿಸಿದ ಆ ಕಡಲಹಸು 27 ವರ್ಷದೊಳಗೆ, 1768ರ ಹೊತ್ತಿಗೆ, ಒಂದೂ ಉಳಿಯಲಿಲ್ಲ. ನೀರುನಾಯಿ ಹುಡುಕಿ ಹೋಗುವವರ ದಾರಿಬುತ್ತಿಯಾಗಿ ಮುಗಿದುಹೋಯಿತು.

ಕಾರವಾರದ ನಾವಿಕ:

ಭೂಪಟ ಸರ್, ಮುಖ್ಯವಾದ ಒಂದು ವಿಷಯ ಸೇರಿಸುತ್ತೇನೆ. ಕಡಲ ನೀರುನಾಯಿ ಹಿಡಿಯುವುದು ರಷ್ಯನ್ನರಿಗೆ ಬರುತ್ತಲೇ ಇರಲಿಲ್ಲ.

ನಾನು ವ್ಯಾಪಾರಿ ಹಡಗುಗಳಲ್ಲಿ 22 ವರ್ಷ ಇದ್ದವನು. ವ್ಯಾಂಕೂವರ್ ಕಡೆಯಿಂದ ಜಪಾನಿಗೆ ಹೋಗುವಾಗ ದಾರಿ ಉತ್ತರಕ್ಕೆ ಬಾಗಿ, ಅಲಾಸ್ಕಾದಿಂದ ಪಶ್ಚಿಮಕ್ಕೆ ಚಾಚಿದ ಅಲ್ಯೂಷನ್ ದ್ವೀಪಗಳ ನಡುವಿನ ಯುನಿಮಾಕ್ ಕಂಡಿಯಲ್ಲಿ ನುಸುಳುತ್ತದೆ. ಅಲ್ಲಿ ಬ್ರಿಡ್ಜಿನಲ್ಲಿ ನಿಂತು ಕಾವಲು ಕಾದ ರಾತ್ರಿಗಳು ಇನ್ನೂ ನೆನಪಿವೆ. ಮಂಜು ಎಂದರೆ ಮುಂದಿನ ಕ್ರೇನ್ ಕಾಣದಷ್ಟು. ಒಮ್ಮೆ ಬೆಳಗಾಗುವಾಗ ಮಂಜು ಹರಿದು ಶಿಶಾಲ್ಡಿನ್ ಜ್ವಾಲಾಮುಖಿ ಬಿಳಿ ಗೋಪುರದ ಹಾಗೆ ಎದ್ದುನಿಂತಿತು, ಹತ್ತು ನಿಮಿಷಕ್ಕೆ ಮತ್ತೆ ಮುಚ್ಚಿತು. ರೇಡಾರ್ ಇಟ್ಟುಕೊಂಡೇ ನಮಗೆ ಎದೆ ಡವಗುಟ್ಟುವ ಜಾಗ. ಅಲ್ಲಿ ಉನಂಗನ್ ಜನ (ಅಲ್ಯೂಟ್ ಎಂಬುದು ರಷ್ಯನ್ನರು ಇಟ್ಟ ಹೆಸರು) ಚರ್ಮದ ದೋಣಿಯಲ್ಲಿ ಬೇಟೆಯಾಡುತ್ತಿದ್ದರು.

ಆ ದೋಣಿಯೇ ಬೈದಾರ್ಕಾ. ಮರ ಬೆಳೆಯದ ದ್ವೀಪಗಳವು. ಅಲೆ ತಂದು ಹಾಕಿದ ಕಟ್ಟಿಗೆಯಿಂದ ಹಂದರ, ಮೇಲೆ ಕಡಲಸಿಂಹದ ತೊಗಲು, ನರದ ದಾರದಲ್ಲಿ ನೀರು ಜಿನುಗದ ಹೊಲಿಗೆ. ಹೊಲಿಯುವುದು ಹೆಂಗಸರ ಕೆಲಸ. ನಮ್ಮ ತುಂಗಭದ್ರೆಯ ಹರಿಗೋಲಿಗೂ ಹಿಂದೆ ತೊಗಲನ್ನೇ ಹೊದಿಸುತ್ತಿದ್ದರು, ಆದರೆ ಅದು ಹೊಳೆ ದಾಟುವ ಬುಟ್ಟಿ. ಇದು ತೆರೆದ ಸಮುದ್ರದಲ್ಲಿ ಅಲೆಯ ಜೊತೆ ಮೈ ಬಳುಕಿಸುವ ದೋಣಿ. ಬೇಟೆಗಾರ ತೊಟ್ಟ ಅಂಗಿಯೂ ಪ್ರಾಣಿಯ ಕರುಳಿನದ್ದು, ಅದರ ಅಂಚನ್ನು ದೋಣಿಯ ಬಾಯಿಗೆ ಬಿಗಿದರೆ ಒಳಗೆ ಹನಿ ನೀರು ಇಳಿಯದು. ಅಂಥ ದೋಣಿಯಲ್ಲಿ ಸದ್ದಿಲ್ಲದೆ ಸುತ್ತುವರಿದು ಈಟಿ ಎಸೆಯುವ ವಿದ್ಯೆ ಚಿಕ್ಕಂದಿನಿಂದ ಕಲಿತವರಿಗೇ ಒಲಿಯುತ್ತಿತ್ತು.

ಹಾಗಾಗಿ ರಷ್ಯನ್ ಬೇಟೆಗಾರರು ಮಾಡಿದ್ದು ಇಷ್ಟು: ಹೆಂಡತಿ ಮಕ್ಕಳನ್ನು ಅಮಾನತ್ ಇಟ್ಟುಕೊಂಡು ಗಂಡಸರನ್ನು ಕಡಲಿಗೆ ಅಟ್ಟಿದರು. ಗಂಡಸರು ತಿಂಗಳುಗಟ್ಟಲೆ ತುಪ್ಪಳದ ಬೇಟೆಗೆ ಹೋದರೆ ಮನೆಗೆ ಮೀನು, ಸೀಲ್ ಮಾಂಸ ತರುವವರು ಯಾರು? ಚಳಿಗಾಲದಲ್ಲಿ ಮನೆಯವರು ಹಸಿದು ಸತ್ತರು.

ಶರಾವತಿ ತೀರ:

ಇತಿಹಾಸ ಎಂ.ಎ. ವಿದ್ಯಾರ್ಥಿನಿ ನಾನು. ಒಂದು ಅನುಮಾನ. ಅಲಾಸ್ಕಾ ಮಾರಿದ್ದಲ್ಲ, 99 ವರ್ಷಕ್ಕೆ ಗುತ್ತಿಗೆ ಕೊಟ್ಟದ್ದು, ಅವಧಿ ಮುಗಿದರೂ ಅಮೆರಿಕ ವಾಪಸ್ ಕೊಡಲಿಲ್ಲ ಎಂದು ಒಂದು ವಿಡಿಯೋದಲ್ಲಿ ನೋಡಿದೆ. ಕೊಟ್ಟದ್ದು ಕ್ಯಾಥರೀನ್ ರಾಣಿ ಅಂತಲೂ ಇತ್ತು.

ಹಳೆಯ ಭೂಪಟ:

ಎರಡೂ ಸುಳ್ಳು ಕಣಮ್ಮ. ಕ್ಯಾಥರೀನ್ ತೀರಿಕೊಂಡದ್ದು 1796ರಲ್ಲಿ. ಮಾರಿದ್ದು ಚಕ್ರವರ್ತಿ ಎರಡನೇ ಅಲೆಕ್ಸಾಂಡರ್. ಒಪ್ಪಂದದಲ್ಲಿ ಗುತ್ತಿಗೆಯ ಮಾತೇ ಇಲ್ಲ, ಪೂರ್ತಿ ಬಿಟ್ಟುಕೊಡುತ್ತೇವೆ ಎಂದಿದೆ. 1868ರ ಆಗಸ್ಟ್ 1ರ ತಾರೀಕಿನ 72 ಲಕ್ಷ ಡಾಲರಿನ ಚೆಕ್ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಇವತ್ತಿಗೂ ಇದೆ. ರಷ್ಯಾದಲ್ಲೂ ಈ ಗುತ್ತಿಗೆ ಕಥೆ ನಂಬುವವರು ಬಹಳ ಮಂದಿ.

ಬೀದರಿನಾಂವ:

ನಮಸ್ಕಾರ್ರೀ ಎಲ್ಲಾರಿಗೂ. ನಮ್ಮ ಕಡೀದೊಂದು ಮಾತು ಹೇಳ್ತೀನ್ರಿ, ಸ್ವಲ್ಪ ಉದ್ದ ಆದೀತು.

ರಷ್ಯಾದವರು ಹೊರದೇಶಕ್ಕ ಹೋದದ್ದು ಅಂದ್ರ ನಮಗ ಮೊದಲ ನೆನಪಾಗೂದು ಅಫನಾಸಿ ನಿಕಿತಿನ್. ತ್ವೆರ್ ಊರಿನ ವ್ಯಾಪಾರಿ. ಯೆರ್ಮಾಕ್ ಯೂರಲ್ ದಾಟೂಕಿಂತ ನೂರು ವರ್ಷ ಮೊದಲ, 1460ರ ದಶಕದ ಕೊನಿಗೆ ಊರು ಬಿಟ್ಟಾಂವ. ವೋಲ್ಗಾದಾಗ ಅಸ್ತ್ರಾಖಾನ್ ಹತ್ರ ಸಾಮಾನೆಲ್ಲಾ ಲೂಟಿ ಆತು. ಬರಿಗೈಲೆ ತಿರುಗಿ ಹೋದ್ರ ಸಾಲಗಾರ ಆಗಬೇಕಾಗತದ ಅಂತ ಮುಂದಕ್ಕ ನಡದ, ಪರ್ಷಿಯಾ ದಾಟಿ, ಒಂದು ಗಂಡು ಕುದುರಿ ಕೊಂಡು ಹಡಗ ಹತ್ತಿ ಚೌಲ್ ಬಂದರಕ್ಕ ಇಳದ. ಜುನ್ನರದಾಗ ಅಸದ್ ಖಾನ್ ಕುದುರಿ ಕಸಗೊಂಡು, ನಮ್ಮ ಧರ್ಮಕ್ಕ ಬಾ, ಕುದುರಿ ಜೋಡಿ ಸಾವಿರ ಬಂಗಾರದ ನಾಣ್ಯಾನೂ ಕೊಡ್ತೀನಿ ಅಂದ. ಖುರಾಸಾನದ ಒಬ್ಬ ದೊಡ್ಡ ಮನಷ್ಯಾ ನಡುವ ಬಂದು ಬಿಡಿಸಿದ. ಆಮ್ಯಾಲೆ ನಮ್ಮ ಬೀದರಕ್ಕ ಬಂದು ಆ ಕುದುರಿ ಮಾರಿದ.

ಆಗ ಬೀದರ ಬಹಮನಿ ರಾಜಧಾನಿ, ಮಹಮೂದ್ ಗವಾನ್ ಮಂತ್ರಿ. ಸುಲ್ತಾನ ಹೊರಗ ಹೊಂಟ್ರ ಎಷ್ಟು ಆನಿ, ಎಷ್ಟು ಕುದುರಿ, ಆನಿ ದಂತಕ್ಕ ಕತ್ತಿ ಕಟ್ಟತಿದ್ರು ಅಂತೆಲ್ಲಾ ಬರದಾನ. ಆಳಂದದ ಜಾತ್ರೀನೂ ಬರದಾನ್ರಿ! ಹತ್ತು ದಿನದ ಬಜಾರ, ಇಪ್ಪತ್ತು ಸಾವಿರದ ತನಕ ಕುದುರಿ ಮಾರಾಟಕ್ಕ ಬರತಾವ ಅಂತ. ನಮ್ಮ ಅಜ್ಜ ಆಳಂದದ ಉರುಸಿಗೆ ಹೋಗಿ ಬಂದ ಸುದ್ದಿ ಹೇಳತಿದ್ದ, ಅದ ಊರು 550 ವರ್ಷದ ಹಿಂದ ಒಬ್ಬ ರಷ್ಯಾದಾಂವ ಬರಕೊಂಡ ಟಿಪ್ಪಣಿದಾಗ ಅದ ಅನ್ನೂದು ಓದಿ ಮೈ ಝುಂ ಅಂತು.

ಅಂವ ನಮ್ಮ ದೇಶಕ್ಕ ಒಯ್ಯೂವಂಥ ಸರಕು ಇಲ್ಲಿ ಸಿಗಲಿಲ್ಲ, ಮೆಣಸು ಬಣ್ಣ ಅಷ್ಟ ಅಗ್ಗ ಅಂತ ದುಃಖಪಟ್ಟಾನ. ತಿರುಗಿ ಹೋಗೂವಾಗ ಸ್ಮೊಲೆನ್ಸ್ಕ್ ಹತ್ರ ತೀರಿಕೊಂಡ, ಅಂವನ ಕೈಬರಹ ಅಷ್ಟ ಮಾಸ್ಕೋ ಮುಟ್ಟಿತು. ಅಂವನ ಹಿಂದ ತೋಪಿಲ್ಲ, ಕೋಟಿ ಇಲ್ಲ, ಕಂಪನಿ ಇಲ್ಲ. ಬೀದರದಾಗ ಮಂದಿ ಜೋಡಿ ಉಂಡ, ಅವರ ಮಾತು ಕಲತ, ಅವರ ಹಬ್ಬ ನೋಡಿದ. ಅದ ದೇಶದವರು ಮುನ್ನೂರು ವರ್ಷದ ಮ್ಯಾಲೆ ಅಲ್ಯೂಷನ್ ದ್ವೀಪಕ್ಕ ಹೋದಾಗ ಕೈಯಾಗ ಬಂದೂಕ ಇತ್ತು. ಆ ಫರಕು ನನಗ ಭಾಳ ದೊಡ್ಡದು ಅನಸತದ.

ಲೆಕ್ಕದ ಪುಸ್ತಕ:

ಎಲ್ಲರ ಬರಹ ಓದಿದೆ. ನನ್ನದು ಸ್ವಲ್ಪ ಬೇರೆ ಅಭಿಪ್ರಾಯ, ಕೋಪ ಮಾಡಿಕೊಳ್ಳಬೇಡಿ. ಸ್ಪೇನಿನವರು, ಇಂಗ್ಲಿಷರು, ಅಮೆರಿಕದವರು ಎಲ್ಲರೂ ಅದೇ ಕಾಲದಲ್ಲಿ ಅದನ್ನೇ ಮಾಡಿದರು, ಇದಕ್ಕಿಂತ ಹೆಚ್ಚೇ ಮಾಡಿದರು. ಅಲಾಸ್ಕಾದಲ್ಲಿ ರಷ್ಯನ್ನರ ಸಂಖ್ಯೆ ಯಾವ ಕಾಲಕ್ಕೂ ಸಾವಿರ ಮುಟ್ಟಲಿಲ್ಲ. ಸ್ಥಳೀಯ ಹೆಂಗಸರನ್ನು ಮದುವೆಯಾದರು, ಅವರ ಮಕ್ಕಳಿಗೆ ಶಾಲೆ ಕೊಟ್ಟು ರಷ್ಯನ್ನರ ತುಪ್ಪಳ ಕಂಪನಿಯ ನೌಕರಿ ಕೊಟ್ಟರು. ಪಾದ್ರಿ ಇವಾನ್ ವೆನಿಯಾಮಿನೊವ್ 1824ರಲ್ಲಿ ಅಲ್ಯೂಷನ್ ದ್ವೀಪಗಳಲ್ಲೊಂದಾದ ಉನಲಾಸ್ಕಾಕ್ಕೆ ಹೋಗಿ ಉನಂಗನ್ ಜನರ ಭಾಷೆ ಕಲಿತು, ಅವರಲ್ಲೇ ಒಬ್ಬ ನಾಯಕ ಇವಾನ್ ಪಾನ್ಕೋವ್ ಜೊತೆ ಕೂತು ಅದಕ್ಕೆ ಲಿಪಿ ರೂಪಿಸಿದ. ಇವತ್ತಿಗೂ ಅಲ್ಲಿನ ಎಷ್ಟೋ ಹಳ್ಳಿಗಳಲ್ಲಿ ಈರುಳ್ಳಿ ಗುಮ್ಮಟದ ಆರ್ಥೊಡಾಕ್ಸ್ ಚರ್ಚನ್ನು ತಮ್ಮದೆಂದೇ ಜನ ಕಾಪಾಡಿಕೊಂಡಿದ್ದಾರೆ. ಅಮೆರಿಕ ಬಂದ ಮೇಲೆ ಶಾಲೆಗಳಲ್ಲಿ ಅವರ ಭಾಷೆ ಆಡಿದರೆ ಶಿಕ್ಷೆ ಇತ್ತು. ಇದನ್ನೂ ತಕ್ಕಡಿಗೆ ಹಾಕಿ.

ಹಳೆಯ ಭೂಪಟ:

ಕೋಪ ಏಕೆ ಸರ್, ನೀವು ಹೇಳಿದ ಒಂದೊಂದು ಮಾತೂ ನಿಜ. ವೆನಿಯಾಮಿನೊವ್ ಬಗ್ಗೆ ನನಗೂ ಗೌರವ ಇದೆ. ಅವನಿಗಿಂತ ಮೊದಲು, 1794ರಲ್ಲಿ ಅಲಾಸ್ಕಾದ ಕೋಡಿಯಾಕ್ ದ್ವೀಪಕ್ಕೆ ಬಂದ ಸನ್ಯಾಸಿಗಳು, ಅವರಲ್ಲಿ ಹೆರ್ಮನ್ ಮುಖ್ಯ, ಕಂಪನಿಯವರ ದೌರ್ಜನ್ಯದ ಮೇಲೆ ದೂರು ಬರೆದು ಬರೆದು ಅಧಿಕಾರಿಗಳ ಕಣ್ಣಿಗೆ ಕಸವಾದರು. ಆದರೆ ಆ ದೂರಿನಲ್ಲಿ ಏನಿತ್ತು ಎಂಬುದನ್ನೂ ಹಾಕಬೇಕಲ್ಲ ತಕ್ಕಡಿಗೆ?

1784ರ ಆಗಸ್ಟ್. ಗ್ರಿಗೊರಿ ಶೆಲಿಖೋವ್ ಎಂಬ ವ್ಯಾಪಾರಿ ಕೋಡಿಯಾಕ್‌ನಲ್ಲಿ ಕಾಯಂ ನೆಲೆ ಹೂಡಲು ಬಂದ. ಅಲ್ಲಿನ ಸುಗ್ಪಿಯಾಕ್ ಜನ ಹೆಂಡತಿ ಮಕ್ಕಳ ಸಮೇತ ಸಿಟ್ಕಾಲಿಡಾಕ್ ದ್ವೀಪದ ಪಕ್ಕದ ಒಂದು ಕಡಿದಾದ ಬಂಡೆಯ ಮೇಲೆ ಸೇರಿಕೊಂಡರು. ಶತ್ರು ಬಂದಾಗ ಹಿಂದಿನಿಂದಲೂ ಅವರು ಆಶ್ರಯ ಪಡೆಯುತ್ತಿದ್ದ ಜಾಗ ಅದು, ದಂಡೆಯಿಂದ ನೀರಿಳಿದಾಗ ಮಾತ್ರ ದಾರಿ. ರಷ್ಯನ್ನರ ಬಳಿ ತೋಪುಗಳಿದ್ದವು. ಎಷ್ಟು ಜನ ಸತ್ತರೆಂಬುದಕ್ಕೆ ಒಂದೊಂದು ದಾಖಲೆ ಒಂದೊಂದು ಲೆಕ್ಕ ಹೇಳುತ್ತದೆ. ನನಗೆ ನಾಟಿದ್ದು ಆರ್ಸೆಂಟಿ ಅಮಿನಾಕ್ ಎಂಬ ಮುದುಕನ ಮಾತು. ಅವನು ಆಗ ಹುಡುಗ, ಕಣ್ಣಾರೆ ಕಂಡವನು. 1851ರಲ್ಲಿ ಹೋಲ್ಮ್‌ಬರ್ಗ್ ಎಂಬ ಫಿನ್ಲೆಂಡಿನ ಸಂಶೋಧಕನಿಗೆ ಅದನ್ನು ಹೇಳಿ ಬರೆಸಿದ. ಮುನ್ನೂರು ಜನ ಸತ್ತರು ಎಂದ. ಆ ಮೇಲೆ ನಮ್ಮವರು ಯಾರೂ ಆ ಜಾಗಕ್ಕೆ ಹೋಗಲಿಲ್ಲ ಎಂದ. ಆ ಬಂಡೆಯನ್ನು ಅವರ ಭಾಷೆಯಲ್ಲಿ ಅವಾಉಕ್ ಎನ್ನುತ್ತಾರೆ. ಮರಗಟ್ಟಿಹೋಗುವುದು ಎಂದು ಅರ್ಥ.

ಕೋಡಿಯಾಕ್‌ನ ಆ ನೆಲೆಯಿಂದ ಬೆಳೆದದ್ದೇ ರಷ್ಯನ್-ಅಮೆರಿಕನ್ ಕಂಪನಿ. 1799ರಲ್ಲಿ ಚಕ್ರವರ್ತಿ ಪಾವೆಲ್ ಅದಕ್ಕೆ ಸನ್ನದು ಕೊಟ್ಟ. ನಮ್ಮ ಈಸ್ಟ್ ಇಂಡಿಯಾ ಕಂಪನಿಯ ಹಾಗೆ ವ್ಯಾಪಾರವೂ ಅದರದ್ದೇ, ಆಡಳಿತವೂ ಅದರದ್ದೇ. 1821ರ ಸನ್ನದಿನಲ್ಲಿ 18ರಿಂದ 50 ವರ್ಷದ ದ್ವೀಪವಾಸಿ ಗಂಡಸರಲ್ಲಿ ಅರ್ಧದಷ್ಟು ಜನರನ್ನು ಕಂಪನಿ ಬೇಟೆಗೆ ಎಳೆದುಕೊಳ್ಳಬಹುದು ಎಂದೇ ಬರೆದಿದೆ. ಮುಚ್ಚುಮರೆ ಇಲ್ಲ. ಲಿಪಿ ಕೊಟ್ಟವರೂ ಅವರೇ, ಆ ಲಿಪಿ ಓದಬೇಕಿದ್ದ ಮಕ್ಕಳ ಅಪ್ಪಂದಿರನ್ನು ಕಡಲಿಗೆ ಅಟ್ಟಿದವರೂ ಅವರೇ. ಎರಡನ್ನೂ ಒಟ್ಟಿಗೆ ಹೇಳಬೇಕು ಅನ್ನುವುದಷ್ಟೇ ನನ್ನ ಹಟ.

ಬೇ ಏರಿಯಾ ಕನ್ನಡತಿ:

ಇಷ್ಟು ದಿನ ಓದುತ್ತ ಮಾತ್ರ ಇದ್ದೆ, ಇದಕ್ಕೆ ಬರೆಯಲೇಬೇಕು ಅನ್ನಿಸಿತು. ನಮ್ಮ ಮನೆಯಿಂದ ಕಾರಿನಲ್ಲಿ ಮೂರು ಗಂಟೆ ದೂರದಲ್ಲಿ ಫೋರ್ಟ್ ರಾಸ್ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ ಕಡಲ ಬದಿಯ ತಿರುವು ರಸ್ತೆಯಲ್ಲಿ ಹೋಗಬೇಕು. ರಾಸ್ ಎಂದರೆ ರಷ್ಯಾ ಎಂಬುದರ ಹಳೆಯ ರೂಪ. ಕ್ಯಾಲಿಫೋರ್ನಿಯಾದಲ್ಲಿ ರಷ್ಯನ್ ಕೋಟೆ ಇತ್ತು ಅಂದರೆ ಇಲ್ಲಿನ ನಮ್ಮ ಕನ್ನಡ ಗೆಳತಿಯರೇ ನಂಬುವುದಿಲ್ಲ.

ಕಾರಣ ಹೊಟ್ಟೆಪಾಡು. 1806ರ ವಸಂತಕ್ಕೆ ಅಲಾಸ್ಕಾದ ಸಿಟ್ಕಾದಲ್ಲಿ ಕಂಪನಿಯ ಜನ ತಿನ್ನಲಿಲ್ಲದೆ ಸ್ಕರ್ವಿ ಎಂಬ ಪೋಷಕಾಂಶ ಕೊರತೆಯ ರೋಗದಿಂದ ಸಾಯುತ್ತಿದ್ದರು. ಕಂಪನಿಯ ಹಿರಿಯ ನಿಕೊಲಾಯ್ ರೆಜಾನೊವ್ ಹಡಗು ತೆಗೆದುಕೊಂಡು ಸ್ಪೇನಿನವರ ಸ್ಯಾನ್ ಫ್ರಾನ್ಸಿಸ್ಕೋಗೆ ಧಾನ್ಯ ಕೇಳಲು ಬಂದ. ಹೊರಗಿನವರೊಡನೆ ವ್ಯಾಪಾರ ಸ್ಪೇನಿನ ಕಾನೂನಿಗೆ ವಿರುದ್ಧ. ಆದರೆ ಕೋಟೆಯ ಅಧಿಕಾರಿಯ ಮಗಳು, ಹದಿನೈದು ವರ್ಷದ ಕೊನ್ಸೆಪ್ಸಿಯೊನ್ ಆರ್ಗ್ವೆಯೋ ಜೊತೆ ನಿಶ್ಚಿತಾರ್ಥವಾಯಿತು, ಧಾನ್ಯವೂ ಸಿಕ್ಕಿತು. ಚಕ್ರವರ್ತಿಯ ಅನುಮತಿ ತರುತ್ತೇನೆಂದು ಹೋದವನು 1807ರಲ್ಲಿ ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್‌ನಲ್ಲಿ ತೀರಿಕೊಂಡ. ಆಕೆ ಮದುವೆಯಾಗಲಿಲ್ಲ, ಕೊನೆಗೆ ಸನ್ಯಾಸಿನಿಯಾಗಿ 1857ರಲ್ಲಿ ಬೆನಿಷಿಯಾದಲ್ಲಿ ತೀರಿಕೊಂಡಳು. ಇದನ್ನು ಪ್ರೇಮಕಥೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಆ ಹದಿನೈದು ವರ್ಷವೇ ಕಣ್ಣಿಗೆ ಕಟ್ಟುತ್ತದೆ.

1812ರಲ್ಲಿ ಇವಾನ್ ಕುಸ್ಕೋವ್ 25 ರಷ್ಯನ್ನರು, 80 ಮಂದಿ ಅಲಾಸ್ಕಾದ ಮೂಲನಿವಾಸಿಗಳ ಜೊತೆ ಬಂದು ಕೋಟೆ ಕಟ್ಟಿದ. ಕೆಂಪುಮರದ ದಪ್ಪ ಹಲಗೆಗಳ ಗೋಡೆ. ಒಳಗೆ ಈಗ ಇರುವುದರಲ್ಲಿ ಕೊನೆಯ ಮ್ಯಾನೇಜರ್ ರೋಚೆವ್ ಇದ್ದ ಮನೆ ಒಂದೇ ಹಳೆಯದು. ಪುಟ್ಟ ಚರ್ಚು 1906ರ ಭೂಕಂಪಕ್ಕೆ ಕುಸಿದು, ಮತ್ತೆ ಎದ್ದು, 1970ರಲ್ಲಿ ಸುಟ್ಟು, ಮತ್ತೆ ಎದ್ದದ್ದು. ಆ ಜಾಗ ಕಶಾಯಾ ಪೋಮೊ ಜನರ ಮೆಟಿನಿ ಎಂಬ ಹಳ್ಳಿ. 1817ರಲ್ಲಿ ಹಾಗೆಮೈಸ್ಟರ್ ಎಂಬ ಕಪ್ತಾನ ಅವರ ಮುಖಂಡರನ್ನು ಕೂರಿಸಿಕೊಂಡು ಜಾಗ ಬಿಟ್ಟುಕೊಟ್ಟದ್ದಕ್ಕೆ ವಂದನೆ ಹೇಳಿ ಕಾಗದ ಮಾಡಿದ. ಭೂಪಟ ಸರ್, ನೀವು ಹುಡುಕಿದ ಕ್ರಯಪತ್ರಕ್ಕೆ ಹತ್ತಿರದ್ದು ಏನಾದರೂ ಇದ್ದರೆ ಇದೊಂದೇ ಇರಬೇಕು.

ಕೋಟೆ ಉಳಿಯಲಿಲ್ಲ. ನೀರುನಾಯಿ ಬೇಗ ಮುಗಿದವು. ಕಡಲ ಮಂಜಿಗೆ ಗೋಧಿ ಕೈಕೊಟ್ಟಿತು, ಇದ್ದದ್ದನ್ನು ಹೆಗ್ಗಣ ತಿಂದವು. 1839ರಲ್ಲಿ ಇಂಗ್ಲಿಷರ ಹಡ್ಸನ್ಸ್ ಬೇ ಕಂಪನಿ ಅಲಾಸ್ಕಾಕ್ಕೆ ಧಾನ್ಯ ಕಳಿಸಲು ಒಪ್ಪಿದ ಮೇಲೆ ಈ ಬೇಸಾಯ ಯಾರಿಗೂ ಬೇಡವಾಯಿತು. 1841ರಲ್ಲಿ ಜಾನ್ ಸಟರ್‌ಗೆ 30,000 ಡಾಲರಿಗೆ ಮಾರಿದರು. ಏಳು ವರ್ಷದ ನಂತರ ಚಿನ್ನ ಸಿಕ್ಕಿದ್ದು ಅದೇ ಸಟರ್‌ನ ಗರಗಸದ ಗಿರಣಿಯಲ್ಲಿ.

ಕಾರವಾರದ ನಾವಿಕ:

ಅಕ್ಕ, ಹಸಿವಿನ ಮಾತು ನೀವು ಎತ್ತಿದ್ದು ಒಳ್ಳೆಯದಾಯಿತು. ಇದು ಸಾಗಣೆಯಲ್ಲೇ ಸೋತ ಸಾಮ್ರಾಜ್ಯ. ಸೈಬೀರಿಯಾದ ಯಾಕುಟ್ಸ್ಕ್‌ನಿಂದ ಪೆಸಿಫಿಕ್ ಕಡೆಯ ಓಖೋಟ್ಸ್ಕ್ ಬಂದರಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ಬೆಟ್ಟ, ಜೌಗು. ಎಲ್ಲವೂ ಕುದುರೆ ಬೆನ್ನಿನ ಮೇಲೆ. ಹಡಗಿನ ಲಂಗರನ್ನು ತುಂಡು ಮಾಡಿ ಹೊರಿಸಿ ಬಂದರಿನಲ್ಲಿ ಮತ್ತೆ ಬೆಸೆಯುತ್ತಿದ್ದರು. ಹಗ್ಗವನ್ನು ಕತ್ತರಿಸಿ ಆಮೇಲೆ ಗಂಟು ಹಾಕುತ್ತಿದ್ದರು. ಬೆಸೆದ ಲಂಗರು, ಗಂಟಿನ ಹಗ್ಗ ನಂಬಿಕೊಂಡು ಆ ಕಡಲಿಗೆ ಇಳಿಯುವುದನ್ನು ಯೋಚಿಸಿ ನೋಡಿ. ಅದಕ್ಕೇ 1803ರಲ್ಲಿ ಕ್ರುಸೆನ್‌ಸ್ಟರ್ನ್, ಲಿಸ್ಯಾನ್ಸ್ಕಿ ಎರಡು ಹಡಗುಗಳಲ್ಲಿ ಬಾಲ್ಟಿಕ್ ಕಡಲಿನಿಂದ ಹೊರಟು ಭೂಮಿಯನ್ನೇ ಸುತ್ತಿ ಸರಕು ಮುಟ್ಟಿಸುವ ದಾರಿ ಹುಡುಕಿದರು. ರಷ್ಯಾದ ಮೊದಲ ಭೂಪ್ರದಕ್ಷಿಣೆ ಅದೇ.

ಹವಾಯಿಯ ಮೇಲೂ ಕಣ್ಣಿಟ್ಟಿದ್ದರು. ಕೌಆಯಿ ದ್ವೀಪದಲ್ಲಿ ಒಡೆದ ಹಡಗಿನ ಸರಕು ಬಿಡಿಸಿ ತಾ ಎಂದು ಕಂಪನಿ ಕಳಿಸಿದ ವೈದ್ಯ ಶೆಫರ್, ಅಲ್ಲಿನ ಅರಸ ಕೌಮುಆಲಿಇಯ ಜೊತೆ ತಾನೇ ಒಪ್ಪಂದ ಮಾಡಿಕೊಂಡು ಕೋಟೆ ಕಟ್ಟಿಸಿದ. 1817ರಲ್ಲಿ ಓಡಿಸಿಬಿಟ್ಟರು. ಚಕ್ರವರ್ತಿಯೂ ಬೇಡ ಎಂದ.

ಜಪಾನಿನ ಪ್ರಸಂಗ ಮಾತ್ರ ಬೇರೆ ಥರದ್ದು. 1854ರ ಡಿಸೆಂಬರಿನಲ್ಲಿ ನೌಕಾಧಿಕಾರಿ ಪುಟ್ಯಾಟಿನ್ ಮಾತುಕತೆಗೆಂದು ಶಿಮೋಡಾ ಬಂದರಿನಲ್ಲಿದ್ದಾಗ ಸುನಾಮಿ ಬಂತು. ಅವನ ‘ಡಯಾನಾ’ ಹಡಗು ಬಂದರಿನೊಳಗೇ ಬುಗುರಿಯಂತೆ ಗಿರಗಿರನೆ ಸುತ್ತಿ ಜರ್ಜರಿತವಾಯಿತು, ಆಮೇಲೆ ಎಳೆದೊಯ್ಯುವಾಗ ಮುಳುಗಿತು. ಅದೇ ಸೀಮೆಯ ಹೆಡಾ ಹಳ್ಳಿಯ ಜಪಾನಿ ಬಡಗಿಗಳೂ ರಷ್ಯನ್ ನಾವಿಕರೂ ಸೇರಿ ಹೊಸ ಹಡಗು ಕಟ್ಟಿದರು. ಅದಕ್ಕೆ ಊರಿನದೇ ಹೆಸರಿಟ್ಟರು. ಆ ನಡುವೆಯೇ 1855ರ ಫೆಬ್ರವರಿಯಲ್ಲಿ ಒಪ್ಪಂದವಾಗಿ ಕುರಿಲ್ ದ್ವೀಪಗಳ ಗಡಿ ಗೊತ್ತಾಯಿತು. ಸುನಾಮಿಯ ಪೆಟ್ಟು ತಿಂದ ಸೀಮೆಯವರು ಹೊರಗಿನವರಿಗೆ ಹಡಗು ಕಟ್ಟಿಕೊಟ್ಟದ್ದು ನನಗೆ ಎಂದೂ ಮರೆಯದ ವಿಷಯ.

ಶರಾವತಿ ತೀರ:

ಸಿಟ್ಕಾ ಕಡೆಯ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರ ಬಗ್ಗೆ ಯಾರೂ ಹೇಳಲಿಲ್ಲ! ನಾನು ಈ ವಾರ ಓದಿದ್ದು ಅದನ್ನೇ. ಉನಂಗನ್ನರು ತತ್ತರಿಸಿಹೋದರು, ಟ್ಲಿಂಗಿಟ್ಟರು ಹಾಗಾಗಲು ಬಿಡಲಿಲ್ಲ. ಅವರ ಕೈಯಲ್ಲಿ ಬಾಸ್ಟನ್ ಕಡೆಯ ಹಡಗುಗಳಿಂದ ಕೊಂಡ ಬಂದೂಕುಗಳಿದ್ದವು. 1802ರಲ್ಲಿ ಸಿಟ್ಕಾದ ರಷ್ಯನ್ ಕೋಟೆಯನ್ನೇ ಸುಟ್ಟುಹಾಕಿದರು. 1804ರಲ್ಲಿ ಕಂಪನಿಯ ಮುಖ್ಯಸ್ಥ ಬಾರಾನೊವ್ ನೂರಾರು ಬೈದಾರ್ಕಾಗಳೊಂದಿಗೆ ಮರಳಿ ಬಂದ, ಲಿಸ್ಯಾನ್ಸ್ಕಿಯ ‘ನೆವಾ’ ಹಡಗಿನ ತೋಪುಗಳೂ ಜೊತೆಗೂಡಿದವು. ಟ್ಲಿಂಗಿಟ್ಟರು ಹಸಿ ಸ್ಪ್ರೂಸ್ ದಿಮ್ಮಿಗಳ ಕೋಟೆ ಕಟ್ಟಿದ್ದರು, ಗುಂಡು ಬಡಿದರೂ ಪುಟಿದು ಬೀಳುತ್ತಿತ್ತಂತೆ. ಅವರ ನಾಯಕ ಕಾಲ್ಯಾನ್ ಕಮ್ಮಾರನ ಸುತ್ತಿಗೆ ಹಿಡಿದು, ಕಾಗೆಯ ರೂಪದ ಶಿರಸ್ತ್ರಾಣ ತೊಟ್ಟು ಹೋರಾಡಿದ. ಬಾರಾನೊವ್‌ನ ತೋಳಿಗೇ ಗಾಯವಾಯಿತು. ಆದರೆ ಸಿಡಿಮದ್ದು ತರುತ್ತಿದ್ದ ಟ್ಲಿಂಗಿಟ್ಟರ ದೋಣಿ ಸ್ಫೋಟಿಸಿತು. ಮದ್ದು ಮುಗಿದ ಮೇಲೆ ಒಂದು ರಾತ್ರಿ ಮಕ್ಕಳು ಮುದುಕರನ್ನು ಕರೆದುಕೊಂಡು ಕಾಡಿನಲ್ಲಿ ನಡೆದು ಹೋದರು. ಅವರು ಅದನ್ನು ಸೋಲು ಎನ್ನುವುದಿಲ್ಲ, ಬದುಕುಳಿದ ನಡಿಗೆ ಎನ್ನುತ್ತಾರೆ. 2004ರಲ್ಲಿ ಇನ್ನೂರು ವರ್ಷ ತುಂಬಿದಾಗ ಅಲ್ಲೇ ಸಮಾಧಾನದ ವಿಧಿ ನಡೆಯಿತು, ಬಾರಾನೊವ್ ವಂಶದವರೂ ಬಂದಿದ್ದರು.

ಆಮೇಲೂ ರಷ್ಯನ್ನರು ಕೋಟೆಯ ಗೋಡೆ ದಾಟಿ ದೂರ ಹೋಗುವ ಧೈರ್ಯ ಮಾಡಲಿಲ್ಲ. ಗೋಡೆಯಾಚೆ ಟ್ಲಿಂಗಿಟ್ ಹಳ್ಳಿಗೆ ತೋಪು ಗುರಿಯಿಟ್ಟುಕೊಂಡೇ ಅವರಿಂದ ಮೀನು, ಆಲೂಗಡ್ಡೆ ಕೊಳ್ಳುತ್ತಿದ್ದರು. ಹಾಗಾದರೆ ಮಾರಿದ ನೆಲದಲ್ಲಿ ನಿಜಕ್ಕೂ ಅವರ ಹಿಡಿತದಲ್ಲಿದ್ದದ್ದು ಎಷ್ಟು?

ಲೆಕ್ಕದ ಪುಸ್ತಕ:

ಒಳ್ಳೆಯ ಪ್ರಶ್ನೆ ಕೇಳಿದೆ ಮಗಳೇ. ಮಾರಿದ ಕಾರಣ ನಾನು ಹೇಳುತ್ತೇನೆ, ಅದರಲ್ಲೇ ಉತ್ತರವೂ ಇದೆ.

ಕ್ರಿಮಿಯಾ ಯುದ್ಧದಲ್ಲಿ ರಷ್ಯಾ ಸೋತಿತು. 1854ರಲ್ಲಿ ಇಂಗ್ಲಿಷ್-ಫ್ರೆಂಚ್ ಹಡಗುಗಳು ಕಾಮ್ಚಾಟ್ಕಾದ ಪೆಟ್ರೊಪಾವ್ಲೊವ್ಸ್ಕ್ ಮೇಲೇ ಬಿದ್ದವು. ಅದನ್ನು ಹೇಗೋ ಉಳಿಸಿಕೊಂಡರು. ಅಲಾಸ್ಕಾವನ್ನು ಹಾಗೆ ಉಳಿಸಿಕೊಳ್ಳಲಾಗದು ಎಂಬುದು ಎಲ್ಲರಿಗೂ ಗೊತ್ತಿತ್ತು. 1857ರಲ್ಲೇ ಚಕ್ರವರ್ತಿಯ ತಮ್ಮ ಕಾನ್‌ಸ್ಟಂಟಿನ್ ಮಾರಿಬಿಡೋಣ ಎಂದು ವಿದೇಶಾಂಗ ಮಂತ್ರಿ ಗೊರ್ಚಾಕೊವ್‌ಗೆ ಬರೆದ. ಅದೇ ಹೊತ್ತಿಗೆ ಚೀನಾ ದುರ್ಬಲವಾಗಿತ್ತು. 1858, 1860ರ ಎರಡು ಒಪ್ಪಂದಗಳಲ್ಲಿ ಅಮುರ್ ನದಿಯ ಉತ್ತರ ದಂಡೆಯೂ ಈಗಿನ ವ್ಲಾಡಿವೊಸ್ಟಾಕ್ ಇರುವ ಕರಾವಳಿಯೂ ರಷ್ಯಾಕ್ಕೆ ದಕ್ಕಿದವು. ಕಾಲ್ನಡಿಗೆಯಲ್ಲಿ ಮುಟ್ಟಬಹುದಾದ ನೆಲ ಸಿಕ್ಕಮೇಲೆ ಕಡಲಾಚೆಯದ್ದು ಹೊರೆಯಾಯಿತು. ತುಪ್ಪಳ ಬರಿದಾಗಿ ಕಂಪನಿ ಸರ್ಕಾರದ ನೆರವಿಗೆ ಕೈಚಾಚಿತ್ತು. ಅಲಾಸ್ಕಾದಲ್ಲಿ ಚಿನ್ನ ಸಿಕ್ಕರೆ ಕ್ಯಾಲಿಫೋರ್ನಿಯಾದಂತೆ ಅಮೆರಿಕದವರು ನುಗ್ಗುತ್ತಾರೆ, ಬಿಡಿಗಾಸಿಲ್ಲದೆ ಕೈತಪ್ಪುತ್ತದೆ ಎಂಬ ಭಯ ಬೇರೆ. ರಾಯಭಾರಿ ಸ್ಟೋಕ್ಲ್‌ಗೆ 50 ಲಕ್ಷಕ್ಕಿಂತ ಕಡಿಮೆಗೆ ಒಪ್ಪಬೇಡ ಎಂದು ಹೇಳಿದ್ದರು, ಅವನು 72ಕ್ಕೆ ಮುಗಿಸಿದ. ರಾತ್ರಿಯಿಡೀ ಕೂತು ನಸುಕಿನ ನಾಲ್ಕಕ್ಕೆ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಸೀವರ್ಡ್ ಜೊತೆ ಸಹಿ.

ಹಾಗಾಗಿ ಮಾರಿದವರ ಕಡೆಯಿಂದ ನೋಡಿದರೆ ಇದು ದಡ್ಡ ವ್ಯಾಪಾರವಲ್ಲ ಎಂಬ ನನ್ನ ಮಾತಿಗೆ ಈಗಲೂ ಬದ್ಧ. ಆದರೆ ಮೊದಲು ಬರೆದಾಗ ಅವಾಉಕ್ ಬಂಡೆಯ ವಿಷಯ ನನಗೆ ಗೊತ್ತಿರಲಿಲ್ಲ. ಎಲ್ಲರೂ ಮಾಡಿದರು ಎಂದು ಬರೆದದ್ದು ಸರಿಯಾಗಲಿಲ್ಲ, ಹಿಂತೆಗೆದುಕೊಳ್ಳುತ್ತೇನೆ. ಮಾರಿದ್ದು ಕೆಲವು ಕೋಟೆ, ಉಗ್ರಾಣ, ಮತ್ತೆ ಬೇರೆ ಯುರೋಪಿಯನ್ನರು ಒಪ್ಪಿದ್ದ ಒಂದು ಹಕ್ಕು. ನೆಲದ ಬಹುಭಾಗವನ್ನು ಅವರು ಕಣ್ಣಿನಿಂದಲೂ ಕಂಡಿರಲಿಲ್ಲ.

ಹಳೆಯ ಭೂಪಟ:

ಧನ್ಯವಾದ ಸರ್. ಹಸ್ತಾಂತರದ ದಿನದ ವಿವರ ಕೊಟ್ಟು ನನ್ನ ಪಾಲು ಮುಗಿಸುತ್ತೇನೆ. 1867ರ ಅಕ್ಟೋಬರ್ 18, ಸಿಟ್ಕಾ. ರಷ್ಯನ್ ಬಾವುಟ ಇಳಿಸುವಾಗ ಕಂಬಕ್ಕೆ ಸುತ್ತಿಕೊಂಡು ಹರಿಯಿತು. ಒಬ್ಬನನ್ನು ಮೇಲೆ ಎಳೆದು ಬಿಡಿಸಬೇಕಾಯಿತು. ಕೊನೆಯ ರಾಜ್ಯಪಾಲ ಮಕ್ಸುಟೊವ್‌ನ ಹೆಂಡತಿ ಕಣ್ಣೀರಿಟ್ಟರಂತೆ. ಆ ಚಿತ್ರವನ್ನು ಎಲ್ಲರೂ ಬರೆಯುತ್ತಾರೆ. ಟ್ಲಿಂಗಿಟ್ಟರಿಗೆ ಸಮಾರಂಭದಲ್ಲಿ ಜಾಗ ಇರಲಿಲ್ಲ. ರಷ್ಯನ್ನರಿಗೆ ಇರಲು ಬಿಟ್ಟಿದ್ದೆವು, ಮಾರುವ ಹಕ್ಕು ಕೊಟ್ಟಿರಲಿಲ್ಲ, ಮಾರಿದರೆ ದುಡ್ಡು ನಮಗೆ ಸೇರಬೇಕು ಎಂದು ಅವರು ಅಂದಿನಿಂದಲೇ ತಕರಾರು ಎತ್ತಿದರು. 1959ರಲ್ಲಿ ಅಮೆರಿಕದ ನ್ಯಾಯಾಲಯ ಆ ನೆಲ ಟ್ಲಿಂಗಿಟ್ ಮತ್ತು ಹೈಡಾ ಜನರದ್ದಾಗಿತ್ತು ಎಂದು ಒಪ್ಪಿತು. 1968ರಲ್ಲಿ ಸಿಕ್ಕ ಪರಿಹಾರ ಸುಮಾರು 75 ಲಕ್ಷ ಡಾಲರ್, ನೂರು ವರ್ಷದ ಹಿಂದೆ ಇಡೀ ಅಲಾಸ್ಕಾಕ್ಕೆ ಕೊಟ್ಟಷ್ಟೇ ಹೆಚ್ಚುಕಡಿಮೆ. 1971ರ ಕಾನೂನಿನಲ್ಲಿ ಎಲ್ಲ ಮೂಲನಿವಾಸಿಗಳಿಗೆ 4.4 ಕೋಟಿ ಎಕರೆ ಮತ್ತು 96 ಕೋಟಿ ಡಾಲರಿಗೂ ಹೆಚ್ಚು ಹಣ. ಅದೇ ಅವರು ಬರೆಸಿಕೊಂಡ ಕ್ರಯಪತ್ರ.

ಬೇ ಏರಿಯಾ ಕನ್ನಡತಿ:

ನಿಮ್ಮೆಲ್ಲರ ಬರಹ ಓದಿ ಮೊನ್ನೆ ಶನಿವಾರ ಮಗಳನ್ನು ಕರೆದುಕೊಂಡು ಮತ್ತೆ ಫೋರ್ಟ್ ರಾಸ್‌ಗೆ ಹೋಗಿದ್ದೆ. ಹಿಂದಿನ ಸಲ ಹೋದಾಗ ಕೋಟೆ ನೋಡಿ ಬಂದುಬಿಟ್ಟಿದ್ದೆ. ಈ ಸಲ ಹಳ್ಳದ ಆಚೆ ದಿಬ್ಬದ ಮೇಲಿನ ಸ್ಮಶಾನಕ್ಕೆ ಹೋದೆವು. ಉದ್ದ ಹುಲ್ಲು, ಸಾಲಾಗಿ ಮರದ ಶಿಲುಬೆಗಳು, ಯಾವುದರ ಮೇಲೂ ಹೆಸರಿಲ್ಲ. ನೂರಕ್ಕೂ ಹೆಚ್ಚು ಸಮಾಧಿಗಳು, ಅದರಲ್ಲಿ ಎಷ್ಟೋ ಹೆಂಗಸರದ್ದು, ಮಕ್ಕಳದ್ದು. ಮಗಳು ಒಂದೊಂದರ ಮುಂದೆಯೂ ನಿಂತು ನಿಂತು ಬಂದಳು.

ದಂಡೆಯ ಬಂಡೆಗಳ ಮೇಲೆ ಸೀಲ್‌ಗಳು ಬಿಸಿಲಿಗೆ ಮಲಗಿದ್ದವು. ನೀರುನಾಯಿ ಕಾಣಬಹುದೇ ಎಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿದೆ. ಈ ದಂಡೆಗೆ ಅವು ಇನ್ನೂ ವಾಪಸ್ ಬಂದಿಲ್ಲ, ನೋಡಬೇಕೆಂದರೆ ದಕ್ಷಿಣಕ್ಕೆ ಮಾಂಟೆರೆ ಕಡೆ ಹೋಗಬೇಕು ಎಂದರು. ಮುಂದಿನ ತಿಂಗಳು ಹೋಗುತ್ತೇವೆ. ಫೋಟೊ ತೆಗೆದು ಇಲ್ಲೇ ಹಾಕುತ್ತೇನೆ.